ಪಾರ್ಕಿನ್ಸನ್ ಇರುವವರ ಕೈಗೆ ವಿಆರ್ ವ್ಯಾಯಾಮ: ಮನೆಯಲ್ಲಿ ಆರಂಭಿಸುವ ಕ್ರಮ

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನೋಡುವವರ ಕಣ್ಣಿಗೆ ಬೀಳುವುದು ನಡುಕ. ಅನುಭವಿಸುವವರನ್ನು ಕೇಳಿದರೆ ಬೇರೆಯದೇ ಪಟ್ಟಿ ಸಿಗುತ್ತದೆ. ಅಂಗಿಯ ಗುಂಡಿ ಹಾಕುವುದರಲ್ಲೇ ಬೆಳಗಿನ ಹೊತ್ತು ಕಳೆಯುತ್ತದೆ. ಬರೆಯಲು ಕುಳಿತರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಕ್ಷರಗಳು ಓದಲಾಗದಷ್ಟು ಸಣ್ಣದಾಗಿರುತ್ತವೆ. ಹಲ್ಲುಜ್ಜುವ ಕೈ ನಾಲ್ಕಾರು ಸಲ ಆಡಿ ನಿಂತುಬಿಡುತ್ತದೆ. ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ಚಾಚಿದ ತೋಳು ಅರ್ಧ ದಾರಿಯಲ್ಲೇ ಸಾಕೆನ್ನುತ್ತದೆ. ಸುಮ್ಮನೆ ಕುಳಿತಾಗ ಬರುವ ನಡುಕ ಕೈ ಕೆಲಸಕ್ಕೆ ತೊಡಗಿದಾಗ ಸಾಮಾನ್ಯವಾಗಿ ತಗ್ಗುತ್ತದೆ. ಈ ನಿಧಾನ, ಈ ಕುಗ್ಗುವಿಕೆ ಮಾತ್ರ ಕೆಲಸದ ನಡುವೆಯೇ ಕಾಡುತ್ತವೆ.

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ಆಟಗಳನ್ನು (ಕಂಪ್ಯೂಟರ್ ಸೃಷ್ಟಿಸಿದ ಲೋಕವನ್ನು ಪರದೆಯಲ್ಲೋ ತಲೆಗೆ ಧರಿಸುವ ಹೆಡ್‌ಸೆಟ್‌ನಲ್ಲೋ ನೋಡುತ್ತಾ ಕೈಯಾಡಿಸಿ ಆಡುವ ಆಟಗಳನ್ನು) ಇದೇ ತೊಂದರೆಯ ಮೇಲೆ ಪ್ರಯೋಗಿಸುವ ಪ್ರಯತ್ನ ಕೆಲವು ವರ್ಷಗಳಿಂದ ನಡೆದಿದೆ. ಮನೆಯಲ್ಲಿ ಇದನ್ನು ಸುರಕ್ಷಿತವಾಗಿ, ಪ್ರಯೋಜನವಾಗುವಂತೆ ಆರಂಭಿಸುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ: ಆಟದಲ್ಲಿ ಅಂಕ ಎಷ್ಟೇ ಏರಲಿ, ಗುಂಡಿ ಹಾಕುವುದು ಸುಲಭವಾಗದಿದ್ದರೆ ಆ ಆಟದಿಂದ ಕೈಗೆ ಏನೂ ದಕ್ಕಿಲ್ಲ. ಮುಂದಿನ ಎಲ್ಲ ಹಂತಗಳೂ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಇದು ಕೆಲಸ ಮಾಡಬಹುದು ಎನ್ನಲು ಕಾರಣ

ಈ ಕಾಯಿಲೆಯಲ್ಲಿ ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಶಿಸುತ್ತಾ ಹೋಗುತ್ತವೆ. ಆ ಡೋಪಮಿನ್ ತಲುಪಬೇಕಾದ ಬೇಸಲ್ ಗ್ಯಾಂಗ್ಲಿಯಾ ಎಂಬ ಮಿದುಳಿನ ಆಳದ ಭಾಗ, ರೂಢಿಯಾದ ಚಲನೆಗಳನ್ನು ನಾವು ಯೋಚಿಸದೆಯೇ ನಡೆಸಿಕೊಡುತ್ತದೆ; ಚಲನೆ ಎಷ್ಟು ದೊಡ್ಡದಿರಬೇಕು, ಎಷ್ಟು ಚುರುಕಾಗಿರಬೇಕು ಎಂಬ ಅಳತೆಯಲ್ಲೂ ಅದರ ಪಾಲಿದೆ. ಅಳತೆ ತಪ್ಪಿದಾಗ ಕೈ ಚಿಕ್ಕದಾಗಿ ಚಲಿಸುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ, ಆ ಚಿಕ್ಕ ಚಲನೆಯೇ ಸರಿಯಾದ ಅಳತೆಯದು ಎಂದು ವ್ಯಕ್ತಿಗೆ ಅನ್ನಿಸುತ್ತದೆ. 'ಕೈ ಪೂರ್ತಿ ಚಾಚಿ' ಎಂದರೆ 'ಚಾಚಿದ್ದೇನಲ್ಲ' ಎಂಬ ಉತ್ತರ ಬರುವುದು ಹಟದಿಂದಲ್ಲ.

ಆದರೆ ಕಣ್ಣೆದುರು ಸ್ಪಷ್ಟ ಗುರಿಯಿದ್ದಾಗ, ಕಿವಿಗೆ ತಾಳ ಕೇಳಿದಾಗ, ಮಿದುಳು ಬೇರೆ ಹಾದಿಗಳನ್ನು ಹೆಚ್ಚು ಬಳಸಿಕೊಂಡು ಚಲನೆಯನ್ನು ಹೊರಡಿಸಬಲ್ಲದು. ವಿಆರ್ ಕೊಡುವುದು ಇದನ್ನೇ: ಮುಟ್ಟಬೇಕಾದ ಗುರಿ, ಮುಟ್ಟಿದ ಕೂಡಲೇ ಪ್ರತಿಕ್ರಿಯೆ, ಬೇಸರವಿಲ್ಲದೆ ಹತ್ತಾರು ಸಲ ಅದೇ ಚಲನೆ.

2011ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಪಾರ್ಕಿನ್ಸನ್ ಇರುವವರಿಗೆ ವೇಗವಾಗಿ ಉರುಳಿಬರುವ ವರ್ಚುವಲ್ ಚೆಂಡುಗಳನ್ನು ಹಿಡಿಯುವ ಅಭ್ಯಾಸ ಕೊಟ್ಟರು. ಆಮೇಲೆ ನಿಜವಾದ, ನಿಂತ ಚೆಂಡಿನತ್ತ ಅವರ ಕೈ ಹೆಚ್ಚು ಚುರುಕಾಗಿ ಹೋಯಿತು. ಚಲಿಸುವ ನಿಜ ಚೆಂಡನ್ನು ಹಿಡಿಯುವುದರಲ್ಲಿ ಮಾತ್ರ ಯಶಸ್ಸು ಹೆಚ್ಚಲಿಲ್ಲ. ಆಟದಲ್ಲಿ ಕಲಿತದ್ದು ಬದುಕಿಗೆ ಪೂರ್ತಿಯಾಗಿ, ತಾನಾಗಿಯೇ ದಾಟಿ ಬರುವುದಿಲ್ಲ ಎಂಬುದನ್ನು ಈ ಫಲಿತಾಂಶದಿಂದ ನಾನು ಕಲಿತಿದ್ದೇನೆ. ಪಾರ್ಕಿನ್ಸನ್‌ನಲ್ಲಿ ವಿಆರ್ ಬಳಕೆಯ ಕುರಿತ 2016ರ ಕೊಕ್ರೇನ್ ವಿಮರ್ಶೆಗೆ (ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ವರದಿ) ಸಿಕ್ಕದ್ದು 8 ಪ್ರಯೋಗಗಳು, 263 ಜನ. ಅವುಗಳ ಒತ್ತು ಹೆಚ್ಚಾಗಿ ನಡಿಗೆ ಮತ್ತು ಸಮತೋಲನದ ಮೇಲಿತ್ತು, ಪುರಾವೆಯ ಗುಣಮಟ್ಟವೂ ಕಡಿಮೆಯಿತ್ತು. ಹಾಗಾಗಿ ವಿಆರ್ ಅನ್ನು ಔಷಧಿ ಮತ್ತು ಫಿಸಿಯೋಥೆರಪಿಯ ಜೊತೆಗೆ ಸೇರಿಸಿಕೊಳ್ಳಿ. ಅವುಗಳ ಜಾಗದಲ್ಲಿ ಇಡಬೇಡಿ.

ಹಂತ 1: ಹೆಡ್‌ಸೆಟ್ ಮುಟ್ಟುವ ಮೊದಲು ವೈದ್ಯರ ಬಳಿ

ನರರೋಗ ತಜ್ಞರನ್ನು ಭೇಟಿಯಾದಾಗ 'ವಿಆರ್ ಮಾಡಬಹುದೇ' ಎಂದಷ್ಟೇ ಕೇಳಿದರೆ 'ಮಾಡಿ' ಎಂಬ ಚುಟುಕು ಉತ್ತರ ಸಿಗುತ್ತದೆ. ಬಿಡಿಬಿಡಿಯಾಗಿ ಕೇಳಿ. ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆಯೇ, ಇತ್ತೀಚೆಗೆ ಬಿದ್ದದ್ದುಂಟೇ, ಎರಡೆರಡಾಗಿ ಕಾಣುತ್ತದೆಯೇ, ಹಿಂದೆ ಮೂರ್ಛೆ ಬಂದಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ಇಲ್ಲದ ವಸ್ತು ಅಥವಾ ಮನುಷ್ಯರು ಕಾಣಿಸುವ ಭ್ರಮೆ ಇದ್ದವರಿಗೆ, ಸುತ್ತಲಿನ ಲೋಕವನ್ನೇ ಮರೆಮಾಡುವ ಹೆಡ್‌ಸೆಟ್ ಬೇಡವೆಂದೇ ನಾನು ಹೇಳುತ್ತೇನೆ. ಅವರಿಗೆ ಟಿವಿ ಪರದೆಯ ಆಟಗಳು ಸಾಕು.

ಇನ್ನೆರಡು ವಿಷಯಗಳು ಸಾಮಾನ್ಯವಾಗಿ ಯಾರ ನೆನಪಿಗೂ ಬರುವುದಿಲ್ಲ. ಮಿದುಳಿನ ಆಳ ಪ್ರಚೋದನೆಯ ಸಾಧನ, ಅಂದರೆ ಡಿಬಿಎಸ್, ಅಥವಾ ಪೇಸ್‌ಮೇಕರ್ ಅಳವಡಿಸಿದ್ದರೆ, ಹೆಡ್‌ಸೆಟ್ ಮತ್ತು ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳಲ್ಲಿ ಅಯಸ್ಕಾಂತಗಳಿರಬಹುದಾದ ಕಾರಣ ಎರಡೂ ಸಾಧನಗಳ ಕೈಪಿಡಿ ನೋಡಿ, ಶಸ್ತ್ರಚಿಕಿತ್ಸೆ ಮಾಡಿದ ತಂಡದ ಒಪ್ಪಿಗೆ ಪಡೆಯಬೇಕು. ಎರಡನೆಯದು, ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಪಾರ್ಕಿನ್ಸನ್ ಔಷಧಿಗಳಿಂದ ಕೆಲವರಲ್ಲಿ ಜೂಜು, ಖರೀದಿ, ಆಟಗಳ ಗೀಳು ಹತ್ತಿಕೊಳ್ಳುತ್ತದೆ. ಅಂಥ ಗೀಳಿನ ಸುಳಿವಿದ್ದವರ ಕೈಗೆ ಅಂಕ, ಬಹುಮಾನಗಳ ಆಟ ಕೊಡುವ ಮೊದಲು ವೈದ್ಯರಿಗೆ ತಿಳಿಸಲೇಬೇಕು.

ಭುಜ ನೋಯುತ್ತಿದ್ದರೆ ಅದನ್ನೂ ತೋರಿಸಿ. ಪಾರ್ಕಿನ್ಸನ್‌ನಲ್ಲಿ ಭುಜ ಪೆಡಸಾಗುವುದು ಸಾಮಾನ್ಯ. ಕೆಲವರಲ್ಲಿ ನಡುಕಕ್ಕಿಂತ ಮೊದಲೇ ಕಾಣಿಸಿಕೊಳ್ಳುವ ಲಕ್ಷಣ ಅದು. ಸಿಕ್ಕಿಕೊಂಡ ಭುಜವನ್ನು ಆಟದ ಹುರುಪಿನಲ್ಲಿ ಎಳೆದಾಡಿದರೆ ನೋವು ಹೆಚ್ಚುತ್ತದೆ.

ಹಂತ 2: ಇಂದಿನ ಕೈಯನ್ನು ಅಳೆದಿಡಿ

ಇದನ್ನು ಹಾರಿಸಿ ನೇರ ಆಟಕ್ಕೆ ಹೋಗುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಚಿಕಿತ್ಸಾ ಕೇಂದ್ರಗಳಲ್ಲಿ ಒಂಬತ್ತು ರಂಧ್ರಗಳಿಗೆ ಕಡ್ಡಿ ಸಿಕ್ಕಿಸುವ ಪರೀಕ್ಷೆಯಿದೆ. 60 ಸೆಕೆಂಡಿನಲ್ಲಿ ಎಷ್ಟು ಮರದ ತುಂಡುಗಳನ್ನು ಅಡ್ಡಗೋಡೆಯ ಆಚೆಗೆ ಹಾಕುತ್ತೀರಿ ಎಂದು ಎಣಿಸುವ ಪರೀಕ್ಷೆಯೂ ಇದೆ. ಅವಕಾಶವಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ತಜ್ಞರ ಬಳಿ ಇವನ್ನು ಮಾಡಿಸಿ. ಮನೆಯಲ್ಲಾದರೆ ಹೀಗೆ ಮಾಡಿ: ಒಂದೇ ಅಂಗಿಯ ಐದು ಗುಂಡಿ ಹಾಕಲು ಹಿಡಿಯುವ ಸಮಯವನ್ನು ಮೊಬೈಲ್‌ನಲ್ಲಿ ಅಳೆಯಿರಿ. ಗೆರೆಯಿಲ್ಲದ ಹಾಳೆಯಲ್ಲಿ ಒಂದೇ ವಾಕ್ಯವನ್ನು ಮೂರು ಸಲ ಬರೆಸಿ, ಕೆಳಗೊಂದು ಸುರುಳಿ ಬರೆಸಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಸಾಧ್ಯವಾದಷ್ಟು ಅಗಲವಾಗಿ ತೆರೆದು, ವೇಗವಾಗಿ ಹತ್ತು ಸಲ ತಟ್ಟಿಸಿ, ಅದರ ವಿಡಿಯೊ ತೆಗೆಯಿರಿ. ವೈದ್ಯರು ಬಳಸುವ ಪ್ರಮಾಣಿತ ಪರೀಕ್ಷೆಯಲ್ಲೂ ಈ ಹತ್ತು ತಟ್ಟುಗಳಿವೆ. ಮೊದಲ ತಟ್ಟಿಗೂ ಹತ್ತನೆಯದಕ್ಕೂ ಬೆರಳ ನಡುವಿನ ಅಂತರ ಎಷ್ಟು ಕುಗ್ಗಿತು ಎಂಬುದನ್ನು ನೋಡಿ.

ಎರಡೂ ಕೈಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಕಾಯಿಲೆ ಸಾಮಾನ್ಯವಾಗಿ ಒಂದು ಬದಿಯಿಂದ ಆರಂಭವಾಗುತ್ತದೆ, ವ್ಯತ್ಯಾಸ ಬಹುಕಾಲ ಉಳಿಯುತ್ತದೆ. ದಿನಾಂಕದ ಪಕ್ಕದಲ್ಲಿ ಕೊನೆಯ ಗುಳಿಗೆ ತೆಗೆದುಕೊಂಡ ಗಂಟೆಯನ್ನೂ ಬರೆಯಿರಿ. ಅದಿಲ್ಲದ ಅಳತೆಯನ್ನು ಮುಂದೆ ಯಾವುದಕ್ಕೂ ಹೋಲಿಸಲಾಗುವುದಿಲ್ಲ.

ಹಂತ 3: ಉಪಕರಣದ ಆಯ್ಕೆ

ಸ್ಥೂಲವಾಗಿ ಮೂರು ಬಗೆ. ಟಿವಿಯ ಬಳಿ ಕ್ಯಾಮೆರಾ ಇಟ್ಟು ಇಡೀ ದೇಹದ ಚಲನೆ ಗುರುತಿಸುವ ವ್ಯವಸ್ಥೆ ಮೊದಲನೆಯದು. 2010ರಲ್ಲಿ ಬಂದ ಕೈನೆಕ್ಟ್ ಇದರಲ್ಲಿ ಹೆಸರಾದದ್ದು. 2017ರಲ್ಲಿ ಅದರ ತಯಾರಿಕೆ ನಿಂತಿತಾದರೂ ಕೆಲವು ಚಿಕಿತ್ಸಾ ಕೇಂದ್ರಗಳಲ್ಲಿ ಇನ್ನೂ ಸಿಗಬಹುದು. ಭುಜ, ಮೊಣಕೈಗಳಿಗೆ ಇದು ಸಾಕು, ಬೆರಳುಗಳ ಸೂಕ್ಷ್ಮ ಕೆಲಸಕ್ಕೆ ಸಾಲದು. ಮೇಜಿನ ಮೇಲಿಟ್ಟ ಪುಟ್ಟ ಸೆನ್ಸರ್ ಅಂಗೈ, ಬೆರಳುಗಳನ್ನು ಗುರುತಿಸಿ ಕಂಪ್ಯೂಟರ್ ಪರದೆಯಲ್ಲಿ ತೋರಿಸುವುದು ಎರಡನೆಯದು. ಲೀಪ್ ಮೋಷನ್ ಈ ಬಗೆಯದು. ಮೂರನೆಯದು ತಲೆಗೆ ಧರಿಸುವ ಹೆಡ್‌ಸೆಟ್. ಗುರಿ ಎಷ್ಟು ದೂರದಲ್ಲಿದೆ ಎಂಬ ಆಳದ ಅರಿವು ಇದರಲ್ಲೇ ಚೆನ್ನಾಗಿ ಸಿಗುವುದರಿಂದ ಕೈ ಚಾಚುವ ಅಭ್ಯಾಸಕ್ಕೆ ಇದು ಹೆಚ್ಚು ಒಪ್ಪುತ್ತದೆ.

ಮನೆಬಳಕೆಯ ಕ್ವೆಸ್ಟ್ 2, ಕ್ವೆಸ್ಟ್ 3ರಂಥ ಹೆಡ್‌ಸೆಟ್‌ಗಳು ಸುಮಾರು ಅರ್ಧ ಕಿಲೋ ತೂಗುತ್ತವೆ. ಮುಂದಕ್ಕೆ ಬಾಗಿದ, ಬಿಗಿದ ಕುತ್ತಿಗೆಗೆ ಇದು ಸಣ್ಣ ಭಾರವಲ್ಲ. ನೆತ್ತಿಯ ಮೇಲಿನ ಪಟ್ಟಿಯನ್ನು ಸರಿಹೊಂದಿಸಿ ಭಾರವನ್ನು ಮುಖದಿಂದ ತಲೆಗೆ ಹಂಚಿ. ಕನ್ನಡಕ ಧರಿಸುವವರು ಅದಕ್ಕೆ ಸ್ಥಳ ಮಾಡಿಕೊಡುವ ಚೌಕಟ್ಟನ್ನು ಬಳಸಿ. ಕೊಳ್ಳುವ ಮೊದಲು ಚಿಕಿತ್ಸಾ ಕೇಂದ್ರದಲ್ಲೋ ಪರಿಚಿತರ ಬಳಿಯೋ ಒಮ್ಮೆ ಧರಿಸಿ ನೋಡುವುದು ಒಳಿತು.

ಕಂಟ್ರೋಲರ್ ಹಿಡಿಯುವುದೋ ಬರಿಗೈಯೋ? ಬರಿಗೈಯಲ್ಲಿ ಬೆರಳು ತೆರೆಯುವ, ಚಿವುಟುವ ಅಭ್ಯಾಸ ಸಿಗುತ್ತದೆ. ಆದರೆ ಬೆರಳು ಪೂರ್ತಿ ತೆರೆಯದಿದ್ದರೆ, ಒಂದು ಕೈ ಇನ್ನೊಂದನ್ನು ಮರೆಮಾಡಿದರೆ, ಕೋಣೆ ಮಬ್ಬಾಗಿದ್ದರೆ ಕ್ಯಾಮೆರಾ ತಡವರಿಸುತ್ತದೆ. ಅದು ಯಂತ್ರದ ಮಿತಿ. ಆಡುವವರು ತಮ್ಮ ಸೋಲೆಂದು ಎಣಿಸಿಕೊಳ್ಳಬಾರದು. ದೊಡ್ಡ ಚಲನೆಗೆ ಕಂಟ್ರೋಲರ್, ಬೆರಳಿನ ಕೆಲಸಕ್ಕೆ ಬರಿಗೈ ಎಂದು ಹಂಚಿಕೊಳ್ಳಬಹುದು. ಕಂಟ್ರೋಲರ್ ಹಿಡಿದಾಗ ಅದರ ಪಟ್ಟಿ ಮಣಿಕಟ್ಟಿಗೆ ಕಟ್ಟಿರಲಿ.

ಹಂತ 4: ಕುರ್ಚಿ, ಕೋಣೆ, ಹೊತ್ತು

ಕೈಗಾಗಿ ಮಾಡುವ ವ್ಯಾಯಾಮವನ್ನು ಕುಳಿತೇ ಮಾಡಿ. ಚಕ್ರವಿಲ್ಲದ, ಅಲುಗಾಡದ, ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಪಾದಗಳು ನೆಲಕ್ಕೆ ಪೂರ್ತಿ ಊರಿರಲಿ. ಒಂದು ಬದಿಗೆ ವಾಲುವವರಿಗೆ ಕೈಗಳಿರುವ ಕುರ್ಚಿಯೇ ಕ್ಷೇಮ. ಕುಳಿತಲ್ಲಿಂದ ಎಲ್ಲ ದಿಕ್ಕಿಗೂ ತೋಳು ಚಾಚಿ, ಏನೂ ತಗುಲುವುದಿಲ್ಲ ಎಂದು ಹೆಡ್‌ಸೆಟ್ ಹಾಕುವ ಮೊದಲೇ ನೋಡಿಕೊಳ್ಳಿ. ತಲೆಯ ಮೇಲಿನ ಫ್ಯಾನ್, ದೀಪ ಮರೆಯಬೇಡಿ. ಹೆಡ್‌ಸೆಟ್ಟಿನೊಳಗಿನ ದೃಶ್ಯ ಟಿವಿ ಅಥವಾ ಮೊಬೈಲ್‌ನಲ್ಲೂ ಕಾಣುವಂತೆ ಜೋಡಿಸಿದರೆ ಜೊತೆಗಿರುವವರು ಸಹಾಯ ಮಾಡಬಹುದು.

ಹೊತ್ತಿನ ಆಯ್ಕೆ ಕುರ್ಚಿಯಷ್ಟೇ ಮುಖ್ಯ. ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಗುಳಿಗೆಯ ಪ್ರಭಾವ ಏರುವ, ಇಳಿಯುವ ಹೊತ್ತುಗಳಿರುತ್ತವೆ. ಕೈ ಹಗುರಾಗಿ ಆಡುವ ಹೊತ್ತನ್ನೇ ಹಿಡಿಯಿರಿ. ಹಲವರಿಗೆ ಅದು ಗುಳಿಗೆ ನುಂಗಿದ 45 ನಿಮಿಷದಿಂದ ಒಂದು ಗಂಟೆಯ ನಂತರ ಬರುತ್ತದೆ. ನಿಮ್ಮದು ಯಾವಾಗ ಎಂಬುದು ನಾಲ್ಕಾರು ದಿನ ಬರೆದಿಟ್ಟರೆ ತಿಳಿಯುತ್ತದೆ. ಪ್ರಭಾವ ತುತ್ತತುದಿಗೇರಿದಾಗ ಕೈಕಾಲು ತಾವಾಗಿಯೇ ಓಲಾಡುವವರು ಆ ಹೊತ್ತನ್ನು ಬಿಡಿ. ಲೆವೊಡೋಪಾದಿಂದ ವಾಕರಿಕೆ ಬರುವವರು ವಾಕರಿಕೆ ಪೂರ್ತಿ ಇಳಿದ ಮೇಲೆ ಹೆಡ್‌ಸೆಟ್ ಧರಿಸಿ, ಇಲ್ಲವಾದರೆ ವಿಆರ್‌ನ ವಾಕರಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ.

ಹಂತ 5: ಮೊದಲ ವಾರ

ಐದು ನಿಮಿಷ ಸಾಕು. ಮೊದಲ ದಿನ ಆಟವೇ ಬೇಡ: ಹೊರಗಿನ ಕೋಣೆಯೇ ಕ್ಯಾಮೆರಾದ ಮೂಲಕ ಕಾಣುವ ವ್ಯವಸ್ಥೆ ಹೆಡ್‌ಸೆಟ್‌ನಲ್ಲಿದ್ದರೆ ಅದನ್ನು ಹಾಕಿಕೊಂಡು, ತಲೆ ನಿಧಾನವಾಗಿ ಆಚೀಚೆ ತಿರುಗಿಸಿ, ಕೈ ಮುಂದೆ ಹಿಡಿದು ನೋಡಿ, ತೆಗೆದಿಡಿ. ಮರುದಿನದಿಂದ ನೀವಿರುವ ಲೋಕ ನಿಂತಲ್ಲೇ ನಿಂತಿದ್ದು, ಗುರಿಗಳಷ್ಟೇ ನಿಮ್ಮತ್ತ ಬರುವ ಆಟ ಆಡಿ. ಓಡುವ, ಹಾರುವ, ವಾಹನ ನಡೆಸುವ ಆಟಗಳಲ್ಲಿ ಕಣ್ಣು 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಒಳಕಿವಿ 'ಇಲ್ಲ, ಕುಳಿತಿದ್ದೇನೆ' ಎನ್ನುತ್ತದೆ. ತಲೆಸುತ್ತು ಹುಟ್ಟುವುದು ಆ ಜಗಳದಿಂದ. ಬೆವರು, ಬಾಯಲ್ಲಿ ನೀರೂರುವುದು, ಹೊಟ್ಟೆ ತೊಳಸುವುದು ಆರಂಭವಾದ ಕ್ಷಣವೇ ಹೆಡ್‌ಸೆಟ್ ತೆಗೆಯಿರಿ. ಸಹಿಸಿಕೊಂಡು ಮುಂದುವರಿದರೆ ಮರುದಿನ ಹೆಡ್‌ಸೆಟ್ ನೋಡಿದರೇ ಬೇಡವೆನಿಸುತ್ತದೆ.

ಪ್ರತಿದಿನವೂ ಹೆಡ್‌ಸೆಟ್ ಹಾಕುವ ಮೊದಲು ಭುಜಗಳನ್ನು ಹಿಂದಕ್ಕೆ ಉರುಳಿಸಿ, ತೋಳುಗಳನ್ನು ಎರಡೂ ಬದಿಗೆ ಚಾಚಿ, ಬೆರಳುಗಳು ಬಿರಿಯುವಂತೆ ಅಂಗೈ ತೆರೆಯಿರಿ. ಮುಗಿದ ಮೇಲೆ ಕೆಲ ನಿಮಿಷ ಕುಳಿತಿದ್ದು ನಿಧಾನವಾಗಿ ಏಳಿ. ಹೆಡ್‌ಸೆಟ್ ತೆಗೆದು ಥಟ್ಟನೆ ಎದ್ದಾಗಲೇ ಬೀಳುವ ಅಪಾಯ ಹೆಚ್ಚು.

ಹಂತ 6: ಆಟವನ್ನು ಕೈಗೆ ತಕ್ಕಂತೆ ಹೊಂದಿಸುವುದು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತವಿದು. ಹಲವು ಆಟಗಳಲ್ಲಿ ನಿಜವಾದ ಕೈ ಒಂದು ಗೇಣು ಚಲಿಸಿದರೆ ಪರದೆಯ ಕೈ ಒಂದು ಮೊಳ ಚಲಿಸುವಂತೆ ಮಾಡಬಹುದು. ಆಡುವವರಿಗೆ ಇದು ಹಿತ, ಅಂಕವೂ ಬೇಗ ಏರುತ್ತದೆ. ಪಾರ್ಕಿನ್ಸನ್ ಇರುವವರಿಗೆ ಇದರಿಂದ ಹಾನಿಯೇ. ಚಿಕ್ಕ ಚಲನೆಯೇ ಸಾಕೆಂದು ಈಗಾಗಲೇ ನಂಬಿರುವ ಮಿದುಳಿಗೆ 'ಹೌದು, ಸಾಕು' ಎಂದು ಬಹುಮಾನ ಕೊಟ್ಟಂತಾಗುತ್ತದೆ. ಈ ವರ್ಧನೆ ಇಲ್ಲದಂತೆ, ಅಂದರೆ ಒಂದಕ್ಕೆ ಒಂದರಂತೆ ಹೊಂದಿಸಿ. ಹೊಂದಿಸಲು ಬಾರದ ಆಟವನ್ನು ಬಿಟ್ಟುಬಿಡಿ.

ಪರೀಕ್ಷಿಸುವ ದಾರಿ ಸರಳ: ಜೊತೆಗಿರುವವರು ಪರದೆಯನ್ನು ಬಿಟ್ಟು ನಿಜವಾದ ತೋಳನ್ನೇ ಎರಡು ನಿಮಿಷ ನೋಡಲಿ. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇದ್ದು, ಮಣಿಕಟ್ಟನ್ನು ಕೊಂಕಿಸಿಯೇ ಆಟ ಗೆಲ್ಲುತ್ತಿದ್ದರೆ ಗುರಿಗಳನ್ನು ದೂರ ಸರಿಸಿ. ಪ್ರತಿ ಸಲವೂ ಮೊಣಕೈ ಬಹುಪಾಲು ನೆಟ್ಟಗಾಗಬೇಕು. ಗುರಿಗಳು ಎದುರಿಗಷ್ಟೇ ಇರದೆ ಭುಜಕ್ಕಿಂತ ಮೇಲೆ, ಪಕ್ಕದಲ್ಲಿ, ಎದೆಯನ್ನು ದಾಟಿ ಆಚೆ ಬದಿಯಲ್ಲೂ ಬರಲಿ. ವೇಗವನ್ನು ಹತ್ತರಲ್ಲಿ ಏಳೆಂಟು ಸಿಗುವ ಮಟ್ಟಕ್ಕೆ ಇಡಿ. ಎಲ್ಲವೂ ಸಿಕ್ಕರೆ ಕೈಗೆ ಸವಾಲಿಲ್ಲ, ಅರ್ಧವೂ ಸಿಗದಿದ್ದರೆ ಮನಸ್ಸು ಕುಗ್ಗುತ್ತದೆ.

ಹೆಚ್ಚು ತೊಂದರೆಯಿರುವ ಕೈಗೇ ಮೊದಲ ಸರದಿ. ಬಿಟ್ಟರೆ ಚೆನ್ನಾಗಿರುವ ಕೈಯೇ ಎಲ್ಲವನ್ನೂ ಮಾಡಿಬಿಡುತ್ತದೆ. ಹತ್ತು ಚಲನೆ, ಸ್ವಲ್ಪ ವಿರಾಮ, ಮತ್ತೆ ಹತ್ತು ಎಂದು ತುಂಡು ಮಾಡಿ. ಸತತವಾಗಿ ಮಾಡಿದಷ್ಟೂ ಚಲನೆ ಕುಗ್ಗುವುದು ಈ ಕಾಯಿಲೆಯ ಸ್ವಭಾವ. ಹತ್ತನೆಯದೂ ಮೊದಲನೆಯದರಷ್ಟೇ ದೊಡ್ಡದಿರಬೇಕು ಎಂಬುದೇ ಆ ದಿನದ ಗುರಿ. ಬೆರಳಿನ ಆಟಗಳಲ್ಲಿ ಹಿಡಿಯುವುದರಷ್ಟೇ ಬಿಡುವುದನ್ನೂ ಗಮನಿಸಿ: ವಸ್ತುವನ್ನು ಬಿಟ್ಟ ಮೇಲೆ ಬೆರಳುಗಳು ಪೂರ್ತಿ ತೆರೆದವೇ?

ಎಷ್ಟು ದಿನ, ಎಷ್ಟು ಹೊತ್ತು? 2019ರಲ್ಲಿ ಪ್ರಕಟವಾದ, ಲೀಪ್ ಮೋಷನ್ ಬಳಸಿದ ಅಧ್ಯಯನವೊಂದರಲ್ಲಿ ವಾರಕ್ಕೆ ಎರಡು ಸಲ, 30 ನಿಮಿಷದಂತೆ 6 ವಾರ ಅಭ್ಯಾಸ ಮಾಡಿಸಿದ್ದರು. ಹೆಡ್‌ಸೆಟ್ಟಿನಿಂದ ಆರಂಭಿಸುವವರು ಐದು ನಿಮಿಷದಿಂದ ಹತ್ತು, ಹದಿನೈದಕ್ಕೆ ಏರಿ, ವಾರಕ್ಕೆ ಮೂರು ನಾಲ್ಕು ದಿನ ಮಾಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಹಾದಿ. ಏರಿಸುವಾಗ ಒಂದು ಸಲಕ್ಕೆ ಒಂದನ್ನೇ ಏರಿಸಿ: ಮೊದಲು ದೂರ, ಬಳಿಕ ವೇಗ, ಕೊನೆಗೆ ಬಣ್ಣ ನೋಡಿ ಆರಿಸುವಂಥ ಯೋಚನೆಯ ಕೆಲಸ.

ಹಂತ 7: ಹೆಡ್‌ಸೆಟ್ ತೆಗೆದ ಕೂಡಲೇ ನಿಜವಾದ ಕೆಲಸ

ವಿಆರ್‌ನ ಲೋಟಕ್ಕೆ ತೂಕವಿಲ್ಲ, ಗುಂಡಿಗೆ ಅಂಚಿಲ್ಲ, ಬಟ್ಟೆಗೆ ಜಾರುವ ಗುಣವಿಲ್ಲ. ಎಷ್ಟು ಬಲದಿಂದ ಹಿಡಿಯಬೇಕು, ಚರ್ಮಕ್ಕೆ ಹೇಗೆ ತಾಕುತ್ತದೆ ಎಂಬುದನ್ನು ಅದು ಕಲಿಸುವುದಿಲ್ಲ. ಹಾಗಾಗಿ ಆಟ ಮುಗಿದ ಹತ್ತು ನಿಮಿಷ, ಅದೇ ಕುರ್ಚಿಯಲ್ಲಿ, ಅದೇ ಚಲನೆಯನ್ನು ನಿಜವಾದ ವಸ್ತುವಿನೊಂದಿಗೆ ಮಾಡಿ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ಪರದೆಯಲ್ಲೇ ಉಳಿಯುತ್ತದೆ.

ಜೋಡಿ ಮಾಡಿಕೊಳ್ಳುವುದು ಕಷ್ಟವಲ್ಲ. ಎತ್ತರದ ಗುರಿ ಮುಟ್ಟಿದ ದಿನ, ಮೇಜಿನ ಮೇಲೆ ಎತ್ತರಕ್ಕೆ ಇಟ್ಟ ಪೆಟ್ಟಿಗೆಯ ತಲೆಗೆ ಡಬ್ಬಿಗಳನ್ನು ಏರಿಸಿ ಇಳಿಸಿ. ಚಿವುಟುವ ಆಟವಾಡಿದ ದಿನ ಗುಂಡಿ, ನಾಣ್ಯ, ಬಟ್ಟೆ ಕ್ಲಿಪ್. ಮಣಿಕಟ್ಟು ತಿರುಗಿಸುವ ಆಟದ ಮೇಲೆ ಬೀಗದ ಕೈ, ಬಾಟಲಿಯ ಮುಚ್ಚಳ. ತಾಳಕ್ಕೆ ಸರಿಯಾಗಿ ಹೊಡೆಯುವ ಆಟವಾಡಿದ್ದರೆ ಅದೇ ತಾಳದಲ್ಲಿ ಹಲ್ಲುಜ್ಜುವ, ಮೇಜು ಒರೆಸುವ ಕೆಲಸ. ಪ್ರತಿ ಚಲನೆಗೂ ಮೊದಲು ವಸ್ತುವನ್ನು ನೋಡಿ, ಮನಸ್ಸಿನಲ್ಲಿ 'ದೊಡ್ಡದಾಗಿ' ಎಂದುಕೊಂಡು ಕೈ ಹೊರಡಿಸಿ. ಎಲ್‌ಎಸ್‌ವಿಟಿ ಬಿಗ್ ಎಂಬ ಹೆಸರಾಂತ ವ್ಯಾಯಾಮ ಕ್ರಮವೂ ವಾರಕ್ಕೆ 4 ದಿನದಂತೆ 4 ವಾರ, ದೊಡ್ಡ ಚಲನೆಯನ್ನು ದಿನನಿತ್ಯದ ಕೆಲಸಗಳಿಗೇ ಹೊಂದಿಸಿ ಕಲಿಸುತ್ತದೆ.

ಜೊತೆಗಿರುವವರಿಗೆ ಒಂದು ಮನವಿ. ಆಟ ನಡೆಯುವಾಗ ಹೆಚ್ಚು ತೊಂದರೆಯಿರುವ ಬದಿಯಲ್ಲಿ, ತೋಳಿಗೆ ಸಿಗದಷ್ಟು ದೂರದಲ್ಲಿ ನಿಲ್ಲಿ. ಸುಮ್ಮನಿರಿ, ಪಾರ್ಕಿನ್ಸನ್‌ನಲ್ಲಿ ಏಕಕಾಲಕ್ಕೆ ಎರಡು ಕೆಲಸ ಕಷ್ಟ, ನಿಮ್ಮ ಪ್ರಶ್ನೆಗೆ ಉತ್ತರಿಸಲು ಹೋದ ಮಿದುಳು ಕೈಯನ್ನು ಮರೆಯುತ್ತದೆ. 'ದೊಡ್ಡದಾಗಿ' ಎಂಬ ಒಂದು ಮಾತು ಸಾಕು. ಮತ್ತು ಅವರು ಗುಂಡಿ ಹಾಕುತ್ತಿರುವಾಗ, ತಡವಾಯಿತೆಂದು ನೀವೇ ಹಾಕಿಬಿಡಬೇಡಿ. ಹೊರಡುವ ಆತುರವಿರುವ ದಿನ ಬೇರೆ, ಅಭ್ಯಾಸದ ಆ ಹತ್ತು ನಿಮಿಷ ಅವರದು.

ಹಂತ 8: ಆರು ವಾರದ ಮೇಲೆ

ಹಂತ 2ರ ಪರೀಕ್ಷೆಗಳನ್ನೇ, ಗುಳಿಗೆಯ ನಂತರ ಅಷ್ಟೇ ಹೊತ್ತಿಗೆ, ಅದೇ ಅಂಗಿಯಲ್ಲಿ ಮತ್ತೆ ಮಾಡಿ. ಗುಂಡಿಯ ಸಮಯ ಇಳಿದಿದ್ದರೆ, ಹತ್ತನೆಯ ತಟ್ಟಿನಲ್ಲೂ ಬೆರಳುಗಳು ಅಗಲವಾಗಿ ತೆರೆಯುತ್ತಿದ್ದರೆ ಇದೇ ಕ್ರಮ ಮುಂದುವರಿಸಿ. ಆಟದ ಅಂಕ ಏರಿ ಗುಂಡಿಯ ಸಮಯ ಇದ್ದಲ್ಲೇ ಇದ್ದರೆ, ಆಟದ ಸಮಯ ಅರ್ಧಕ್ಕಿಳಿಸಿ ಹಂತ 7ನ್ನು ದುಪ್ಪಟ್ಟು ಮಾಡಿ, ಥೆರಪಿಸ್ಟ್‌ಗೆ ತೋರಿಸಿ. ನಿಂತು ಆಡುವ ಆಸೆಯಿದ್ದರೆ ಅದು ಅವರ ಕಣ್ಣೆದುರೇ ಆಗಲಿ.

ಭುಜದ ನೋವು ಮರುದಿನಕ್ಕೂ ಉಳಿಯುವುದು, ಹೆಡ್‌ಸೆಟ್ ತೆಗೆದ ಮೇಲೂ ಏನೇನೋ ಕಾಣಿಸುವುದು, ನಡಿಗೆಯಲ್ಲಿ ತತ್ತರ, ಆಟ ನಿಲ್ಲಿಸಲಾಗದೆ ರಾತ್ರಿ ಎದ್ದು ಆಡುವುದು, ಇವುಗಳಲ್ಲಿ ಯಾವುದು ಕಂಡರೂ ಆರು ವಾರ ಕಾಯದೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಮುಂದಿನ ಭೇಟಿಗೆ ಎರಡೂ ದಿನದ ವಿಡಿಯೊ, ಬರೆದ ಹಾಳೆಗಳು, ಗುಳಿಗೆಯ ಗಂಟೆಗಳ ಪಟ್ಟಿ ಒಯ್ಯಿರಿ. ಈ ಆರು ವಾರದ ನಡುವೆ ಔಷಧಿಯ ಪ್ರಮಾಣ ಬದಲಾಗಿದ್ದರೆ ಆ ದಿನಾಂಕವನ್ನು ದೊಡ್ಡದಾಗಿ ಗುರುತು ಮಾಡಿ. ಬದಲಾವಣೆ ಗುಳಿಗೆಯಿಂದ ಬಂದದ್ದೋ ಅಭ್ಯಾಸದಿಂದ ಬಂದದ್ದೋ ಎಂದು ಬಿಡಿಸಿ ನೋಡಲು ಆಗ ಹೊಸ ಅಳತೆ ತೆಗೆದು, ಆರು ವಾರವನ್ನು ಆ ದಿನದಿಂದ ಮತ್ತೆ ಎಣಿಸಬೇಕಾಗುತ್ತದೆ.